ಒಂದು ಬೆರಳಿನ ನಮಸ್ಕಾರ

ನಮ್ಮ ಫ್ಲಿಂಡರ್ಸ್ ದ್ವೀಪದಲ್ಲಿ ಎದುರಿಗೆ ಕಾರು ಬಂದರೆ ಸ್ಟೀರಿಂಗ್ ಹಿಡಿದ ಕೈಯ ತೋರುಬೆರಳನ್ನು ಎತ್ತಬೇಕು. ಒಂದೇ ಬೆರಳು. ಇಡೀ ಕೈ ಬೀಸಿದರೆ ನಿನ್ನೆಯ ವಿಮಾನದಲ್ಲಿ ಬಂದಿಳಿದವರು ಎಂದು ಗೊತ್ತಾಗಿಬಿಡುತ್ತದೆ. ಬೇಲಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಮುಖ ಆಚೆ ತಿರುಗಿಸಿಕೊಂಡು ಬೆರಳು ಮಾತ್ರ ಎತ್ತಿಯೇ ಹೋಗುತ್ತಾರೆ. ಅದನ್ನೂ ಎತ್ತದಿದ್ದರೆ, ನೀನು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಹೇಳಿದ ಹಾಗೆ.

ಆಂಗಸ್ ನನಗೆ ಬೆರಳೆತ್ತಲಿಲ್ಲ.

ಜೂನ್ ತಿಂಗಳು, ನಮ್ಮಲ್ಲಿ ಆಗ ಚಳಿಗಾಲ. ಸೂರ್ಯ ಬೇಗ ಸಮುದ್ರಕ್ಕೆ ಇಳಿದಿದ್ದ, ಆಕಾಶದಲ್ಲಿ ಮಾತ್ರ ಇನ್ನೂ ಸ್ವಲ್ಪ ಬೆಳಕಿತ್ತು. ಎಮಿಟಾ ತಿರುವಿನಲ್ಲಿ ಅವನ ಕೆಂಪು ಸ್ವಿಫ್ಟ್ ಎದುರಾಯಿತು. ನಾನು ನನ್ನ ಪಿಕಪ್‌ನೊಳಗಿಂದ ಬೆರಳೆತ್ತಿದೆ. ಅವನು ಎದೆ ಸ್ಟೀರಿಂಗಿಗೆ ತಾಗುವಷ್ಟು ಮುಂದೆ ಬಾಗಿ, ನೆಟ್ಟ ನೋಟ ಕದಲಿಸದೆ, ನಾನೊಂದು ಬೇಲಿಗೂಟ ಎಂಬಂತೆ ಪಕ್ಕದಲ್ಲೇ ಹಾದು ಹೋದ. ಮರುದಿನ ಸಂಜೆಯೂ ಅಷ್ಟೆ. ಆಮೇಲೊಂದು ದಿನ ನಾನು ಬೆರಳೆತ್ತಲಿಲ್ಲ, ಆದರೆ ಅವನು ಎತ್ತುತ್ತಾನೋ ಎಂದು ಕದ್ದು ನೋಡಿದೆ. ಎತ್ತಲಿಲ್ಲ.

ನನಗೆ ಸಿಟ್ಟು ಬಂದದ್ದು ಯಾಕೆಂದರೆ ಹಗಲಿನಲ್ಲಿ ಈ ಮನುಷ್ಯ ಹೀಗಿರಲಿಲ್ಲ. ಅವನು ನಮ್ಮ ಟಪಾಲಿನವನು. ಮಧ್ಯಾಹ್ನದ ವಿಮಾನ ತಂದ ಚೀಲವನ್ನು ಕಾರಿಗೆ ಹಾಕಿಕೊಂಡು, ವೈಟ್‌ಮಾರ್ಕ್‌ನಿಂದ ಹೊರಟು ಉತ್ತರದ ತುದಿಯ ಕಿಲ್ಲಿಕ್ರ್ಯಾಂಕಿವರೆಗೆ ರಸ್ತೆ ಬದಿಯ ಡಬ್ಬಗಳಿಗೆಲ್ಲ ಕಾಗದ ಹಾಕಿ, ಸಂಜೆಗೆ ವಾಪಸಾಗುತ್ತಿದ್ದ. ಹೊರಡುವಾಗ ಪೆಟ್ರೋಲ್ ಬಂಕಿನ ಹಿಂದಿರುವ ನನ್ನ ಶೆಡ್ಡಿನ ಮುಂದೆ ನಿಧಾನ ಮಾಡಿ, ಕಿಟಕಿ ಇಳಿಸಿ, "ಟ್ಯಾಮ್ಸಿನ್, ಇವತ್ತೂ ಕರೆಂಟ್ ಹೊಡೆಸ್ಕೊಂಡ್ಯಾ?" ಎಂದು ಕೇಳದೆ ಹೋದವನಲ್ಲ. ನಾನು ಕಾರುಗಳ ವೈರಿಂಗ್ ಮಾಡುವವಳು. ಕಾರಿನ ಬ್ಯಾಟರಿ ಹಾಗೆಲ್ಲ ಶಾಕ್ ಹೊಡೆಯುವುದಿಲ್ಲ ಎಂದು ಅವನಿಗೂ ಗೊತ್ತು, ಆದರೂ ಕೇಳುತ್ತಿದ್ದ, ನಾನೂ ಕೇಳಿಸಿಕೊಳ್ಳುತ್ತಿದ್ದೆ.

ಹಗಲು ಹಲ್ಲು ಕಿಸಿದು ಸಂಜೆ ಗುರುತೇ ಇಲ್ಲದವನ ಹಾಗೆ ಹೋಗುವ ಗಂಡಸನ್ನು ನಾನು ಮೊದಲೂ ಒಬ್ಬನನ್ನು ಕಂಡಿದ್ದೆ. ಅವನು ಸಮುದ್ರದಾಚೆಯ ಲಾನ್ಸೆಸ್ಟನ್‌ನಲ್ಲಿ ಇನ್ನೊಬ್ಬಳನ್ನು ಮದುವೆಯಾಗಿ ಸುಖವಾಗಿದ್ದಾನೆ.

ಆ ವಾರವೇ ಒಂದು ಬೆಳಗ್ಗೆ ಆಂಗಸ್ ಶೆಡ್ಡಿಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಚಿಪ್ಪುಮೀನು ತುಂಬಿದ ಎರಡು ಸ್ಕಾಲಪ್ ಪೈ.

"ಒಂದು ನಿಂಗೆ," ಅಂದ.

"ಯಾವ ಖುಷಿಗೆ?"

"ಲಂಚ. ಒಂದು ಕೆಲಸ ಇದೆ."

"ಲಂಚ ಕೊಡೋರು ಬಿಸಿ ಇರೋದು ಕೊಡ್ತಾರೆ. ಇದು ಆರಿ ಹೋಗಿದೆ."

"ನಿನ್ನ ಮಾತಿಗಿಂತ ಬೆಚ್ಚಗಿದೆ. ಏನಾಯ್ತು, ಮುಖ ಯಾಕೆ ಹಾಗಿದೆ?"

ನಾನು ಹೇಳಲಿಲ್ಲ. ಮೂವತ್ತು ದಾಟಿದ ಹೆಂಗಸು, ನೀನು ನನಗೆ ಬೆರಳೆತ್ತಲಿಲ್ಲ ಎಂದು ದೂರು ಹೇಳಿದರೆ ಚೆನ್ನಾಗಿರುತ್ತದೆಯೇ?

"ಕೆಲಸ ಏನು, ಅದನ್ನ ಹೇಳು."

"ಹೆಡ್‌ಲೈಟ್. ಈ ಕಾರಲ್ಲಿರೋದು ದೀಪ ಅಲ್ಲ ಕಣೆ, ಮೋಂಬತ್ತಿ. ವಾಲಬಿ ಬಂಪರಿಗೆ ಬಂದು ಒರಗಿದ ಮೇಲೇ ಕಾಣೋದು. ಝೆನಾನ್ ಬಲ್ಬ್ ಹಾಕ್ಕೊಡು. ಇರೋದ್ರಲ್ಲೇ ಜೋರಾದ್ದು."

ಅದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಮುಸ್ಸಂಜೆಯಾದರೆ ನಮ್ಮ ರಸ್ತೆಗಳು ವಾಲಬಿಗಳವು. ಕಾಂಗರೂಗಳ ಈ ಕುಳ್ಳ ದಾಯಾದಿಗಳಿಗೆ ಇಡೀ ದ್ವೀಪ ಬಿಟ್ಟು ಡಾಂಬರಿನ ನಟ್ಟನಡುವೆಯೇ ಯೋಚನೆ ಮಾಡುತ್ತಾ ನಿಲ್ಲಬೇಕು. ದೀಪ ಜೋರು ಮಾಡಿಕೊಡು ಎಂದು ತಿಂಗಳಿಗೊಬ್ಬರಾದರೂ ನನ್ನಲ್ಲಿಗೆ ಬರುತ್ತಾರೆ.

"ಬರೀ ಬಲ್ಬ್ ಬದಲಾಯಿಸಿದ್ರೆ ಆಗಲ್ಲ," ಅಂದೆ. "ಈ ಗಾಜು, ಈ ಬೋಗುಣಿ ಎಲ್ಲ ಹಳೇ ಬಲ್ಬಿಗೆ ಅಂತ ಮಾಡಿದ್ದು. ಅದ್ರೊಳಗೆ ಝೆನಾನ್ ತುರುಕಿದ್ರೆ ಬೆಳಕು ಚೆಲ್ಲಾಪಿಲ್ಲಿ ಆಗುತ್ತೆ. ಎದುರಿಗೆ ಬರೋರ ಕಣ್ಣು ಹೋಗುತ್ತೆ. ಸ್ವಿಫ್ಟ್ ಸ್ಪೋರ್ಟ್ ಅಂತ ಇದರದ್ದೇ ದುಬಾರಿ ಅಣ್ಣ ಒಬ್ಬ ಇದಾನೆ. ಅವನಿಗೆ ಕಂಪನಿಯೇ ಝೆನಾನ್ ಕೊಟ್ಟಿರುತ್ತೆ, ಲೆನ್ಸ್ ಸಮೇತ. ಹಿಂದಿನಿಂದ ಗುದ್ದಿಸ್ಕೊಂಡು ಗುಜರಿಗೆ ಬಿದ್ದಿರೋದು ಯಾವುದಾದ್ರೂ ಸಿಕ್ಕಿದ್ರೆ, ಎರಡೂ ದೀಪ ಪೂರ್ತಿ ಬಿಚ್ಚಿಸಿ ತರಿಸ್ತೀನಿ. ಹಡಗು ಬರೋವರ್ಗೂ ಕಾಯ್ಬೇಕು."

"ಕಾಯ್ತೀನಿ. ನೀನು ಹೇಳಿದ್ರೆ ಕಾಯದೆ ಇರೋಕಾಗುತ್ತಾ?"

ಹಾಗೆಂದು ಅವನು ನನ್ನನ್ನು ನೋಡಿದ. ಆಂಗಸ್ ನೋಡುವ ರೀತಿಯೇ ಬೇರೆ. ಓರೆಗಣ್ಣಿನ ನೋಟ, ಕಳ್ಳನೋಟ ಎಂಬುದೆಲ್ಲ ಅವನಲ್ಲಿ ಇಲ್ಲವೇ ಇಲ್ಲ. ಇಡೀ ಮುಖವನ್ನು ನಮ್ಮ ಕಡೆ ತಿರುಗಿಸಿ, ಲೋಕದಲ್ಲಿ ಬೇರೇನೂ ಇಲ್ಲವೆಂಬಂತೆ ನೋಡುತ್ತಾನೆ. ಅಂಥ ನೋಟದ ಮುಂದೆ ಪೈ ತಿನ್ನುವುದು ಸುಲಭವಲ್ಲ. ನಾನು ಪೊಟ್ಟಣ ಮೇಜಿನ ಮೇಲಿಟ್ಟು ವೈರ್ ಹುಡುಕುವ ನೆಪ ಮಾಡಿದೆ.

ಹಡಗಿನಲ್ಲಿ ದೀಪಗಳು ಬಂದ ಮೇಲೆ, ಟಪಾಲಿಲ್ಲದ ಭಾನುವಾರ ಕಾರನ್ನು ಶೆಡ್ಡಿನೊಳಗೆ ತಂದು ಬಿಟ್ಟ. ಬಿಟ್ಟು ಹೋಗುತ್ತಾನೆ ಅಂದುಕೊಂಡರೆ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂತ. ಬಂಪರ್ ಬಿಚ್ಚುವ ಮೊದಲು ಬಾನೆಟ್ ತೆಗೆಯಲು ಕಾರಿನೊಳಗೆ ಬಗ್ಗಿದಾಗ ಎಡಗಡೆ ಸೀಟು ಕಣ್ಣಿಗೆ ಬಿತ್ತು. ಅದರ ಬಟ್ಟೆ ಒಂದು ಜಾಗದಲ್ಲಿ ಸವೆದು ಕುಳಿ ಬಿದ್ದಿತ್ತು.

"ಇದೇನು, ಇಲಿ ಸಾಕಿದೀಯಾ?"

"ನನ್ನ ಮೊಣಕೈ. ಸ್ಟೀರಿಂಗ್ ಬಲಗಡೆ, ಟಪಾಲು ಡಬ್ಬ ಎಲ್ಲ ರಸ್ತೆ ಎಡಗಡೆ. ಒಂದೊಂದು ಡಬ್ಬಕ್ಕೂ ಆ ಸೀಟಿನ ಮೇಲೆ ಹಲ್ಲಿ ಥರ ಮಲಗಿ ಕೈ ಚಾಚ್ಬೇಕು. ಸರ್ಕಾರಿ ಯೋಗಾಸನ."

ನಗು ಬಂತು, ತಡೆದುಕೊಂಡೆ. ಸಂಜೆಯ ಸಿಟ್ಟು ಇನ್ನೂ ಇತ್ತು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಟ್ಯೂಬ್‌ಲೈಟಿಗೆ ಚೋಕ್ ಇರುವ ಹಾಗೆ ಝೆನಾನಿಗೂ ಒಂದು ಪೆಟ್ಟಿಗೆ ಇರುತ್ತದೆ. ಹೊತ್ತಿಕೊಳ್ಳುವ ಗಳಿಗೆಯಲ್ಲಿ ಅದು ಜೋರಾಗಿ ಕರೆಂಟ್ ಎಳೆಯುತ್ತದೆ, ಕಾರಿನ ಹಳೆಯ ಸಪೂರ ವೈರಿಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೆ ಬ್ಯಾಟರಿಯಿಂದಲೇ ದಪ್ಪನೆಯ ಹೊಸ ವೈರ್ ಎಳೆದು, ನಡುವೆ ಫ್ಯೂಸು, ರಿಲೇ ಕೂರಿಸಬೇಕು. ಹಳೆಯ ವೈರಿಗೆ ಸ್ವಿಚ್ಚಿನ ಸುದ್ದಿಯನ್ನು ರಿಲೇಗೆ ಮುಟ್ಟಿಸುವ ಕೆಲಸ ಮಾತ್ರ ಉಳಿಯುತ್ತದೆ. ಅರ್ಥಿಂಗ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಹಾಕಬೇಕು, ಇಲ್ಲದಿದ್ದರೆ ಎಷ್ಟು ದೊಡ್ಡ ದೀಪವಾದರೂ ಮಿಣಮಿಣ.

"ಆ ಪ್ಲೈಯರ್ ಕೊಡು," ಅಂದೆ.

ಅವನು ಅತ್ತ ನೋಡಿದ, ಇತ್ತ ನೋಡಿದ.

"ನಿನ್ನ ಮೊಣಕಾಲ ಪಕ್ಕದಲ್ಲೇ ಇದೆಯಲ್ಲೋ. ಕುರುಡಾ?"

ಅವನು ನಕ್ಕ, ಸ್ವಲ್ಪ ತಡವಾಗಿ. ಕೈ ಸವರಿ ಪ್ಲೈಯರ್ ಎತ್ತಿಕೊಟ್ಟ. ಕೊಡುವಾಗ ಬೆರಳು ತಾಗಿತು. ಇಬ್ಬರೂ ಅದನ್ನು ಗಮನಿಸಲಿಲ್ಲ ಎಂದು ನಟಿಸಿದೆವು, ನಾನು ಅವನಿಗಿಂತ ಚೆನ್ನಾಗಿ ನಟಿಸಿದೆ.

ಕೆಲಸ ಮುಗಿದು ಶೆಡ್ಡಿನ ಬಾಗಿಲು ಎಳೆದು ಸ್ವಿಚ್ ಹಾಕಿದಾಗ ದೀಪಗಳು ಮೊದಲು ನೀಲಿಯಾಗಿ ಫಕ್ಕನೆ ಹೊತ್ತಿದವು, ಆಮೇಲೆ ನಿಧಾನಕ್ಕೆ ಬೆಳ್ಳಗೆ ನಿಂತವು. ಎದುರು ಗೋಡೆಯ ಮೇಲೆ ಬೆಳಕಿನ ಅಂಚು ಚಾಕುವಿನಿಂದ ಕತ್ತರಿಸಿದಷ್ಟು ನೇರ: ಬಲಕ್ಕೆ ತಗ್ಗು, ಎಡಕ್ಕೆ ಕೊಂಚ ಏರು. ಎದುರಿನವನ ಕಣ್ಣಿಗೆ ಹೊಡೆಯಬಾರದು, ನಮ್ಮ ರಸ್ತೆಯ ಅಂಚು ಮಾತ್ರ ದೂರದವರೆಗೆ ಕಾಣಬೇಕು. ಇಷ್ಟು ಅಚ್ಚುಕಟ್ಟಾದ ಅಂಚು ಈ ದ್ವೀಪದಲ್ಲಿ ಬೇರೆ ಯಾವ ಕಾರಿಗೂ ಇಲ್ಲ, ಬೇಕಾದರೆ ಪಣ ಕಟ್ಟುತ್ತೇನೆ.

"ಚೆನ್ನಾಗಿದೆ," ಅಂದ ಆಂಗಸ್. ಅವನು ಗೋಡೆ ನೋಡುತ್ತಿರಲಿಲ್ಲ, ಶೆಡ್ಡಿನ ಟ್ಯೂಬ್‌ಲೈಟುಗಳ ಕೆಳಗೆ ನಿಂತಿದ್ದ ನನ್ನನ್ನು ನೋಡುತ್ತಿದ್ದ.

ಮರುದಿನ ಸಂಜೆ ಬೇಕೆಂದೇ ಎಮಿಟಾ ಕಡೆ ಹೋದೆ. ಹೊಸ ದೀಪಗಳ ಸ್ವಿಫ್ಟ್ ಮದುವಣಗಿತ್ತಿಯಂತೆ ಹೊಳೆಯುತ್ತಾ ಬಂತು. ನಾನು ಬೆರಳೆತ್ತಿದೆ. ಅವನು ಎತ್ತಲಿಲ್ಲ. ನನ್ನ ಕೈಯಾರೆ ಹಾಕಿದ ಬೆಳಕಿನಲ್ಲಿ ನನ್ನನ್ನೇ ಬೇಲಿಗೂಟ ಮಾಡಿ ಹೋದ.

"ನಾಚ್ಕೆ ಕಣೇ," ಅಂದಳು ಗ್ಲೆನಿಸ್ ಆಂಟಿ, ನನ್ನ ದೂರು ಕೇಳಿ. ಪೆಟ್ರೋಲ್ ಬಂಕು ಅವಳದ್ದು. ದ್ವೀಪದಲ್ಲಿ ಯಾರು ಎಲ್ಲಿಗೆ ಹೋದರೆಂದು ಅವಳಿಗೆ ಪೆಟ್ರೋಲ್ ಹಾಕುವಷ್ಟರಲ್ಲೇ ತಿಳಿಯುತ್ತದೆ. "ನಮ್ಮನೆಯವನೂ ಮದ್ವೆಗೆ ಮುಂಚೆ ನನ್ನ ಕಂಡ್ರೆ ಸಮುದ್ರದ ಕಡೆ ತಿರುಗ್ತಿದ್ದ. ಮೀನು ಎಣಿಸ್ತಿದೀನಿ ಅಂತಿದ್ದ."

"ಇವನಿಗೆ ಹಗಲು ಬರದ ನಾಚ್ಕೆ ಸಂಜೆ ಯಾಕೆ ಬರುತ್ತೆ ಆಂಟಿ?"

"ಗಂಡಸ್ರ ನಾಚ್ಕೆಗೆ ಟೈಮ್‌ಟೇಬಲ್ ಇರುತ್ತಾ?"

ಅಷ್ಟು ಹೇಳುವುದರೊಳಗೆ ಆಂಗಸ್ ಮತ್ತೆ ಬಂದ. ದೀಪ ಸಾಲುತ್ತಿಲ್ಲವಂತೆ. ಎಡಗಡೆ ಕತ್ತಲೆಯಂತೆ. ನಾನು ಮೀಟರ್ ಹಚ್ಚಿ ನೋಡಿದೆ. ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆಯೋ ದೀಪದ ಬಾಯಲ್ಲೂ ಅಷ್ಟೇ ಇತ್ತು. ಅರ್ಥಿಂಗ್ ಸರಿ. ರಿಲೇ ಸರಿ. ಲೆನ್ಸ್ ಒರೆಸಿದೆ. ಎಲ್ಲ ಸರಿ ಇದೆ ಎಂದು ಕಳಿಸಿದೆ. ಸ್ವಲ್ಪ ದಿನ ಬಿಟ್ಟು ಲ್ಯಾಮಿಂಗ್ಟನ್ ಕೇಕ್ ಹಿಡಿದುಕೊಂಡು ಮತ್ತೆ ಬಂದ. ಇನ್ನೂ ಕತ್ತಲೆಯಂತೆ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ," ಅಂದೆ. "ನನ್ನ ದೀಪದಲ್ಲಿ ಐಬಿಲ್ಲ. ನಿನಗೆ ಓಡಿಸೋಕೆ ಬರಲ್ಲ."

"ಇರಬಹುದು," ಅಂದ. ಜಗಳ ಮಾಡಲಿಲ್ಲ. ಕೇಕಿನ ಮೇಲಿನ ಕೊಬ್ಬರಿ ತುರಿಯನ್ನು ಒಂದೊಂದಾಗಿ ಆರಿಸಿ ತಿನ್ನುತ್ತಾ ಕೂತ. "ಇನ್ನೊಂದ್ಸಲ ನೋಡು. ನನಗೇನೂ ಅವಸರ ಇಲ್ಲ."

ಅವನು ಹೋದ ಮೇಲೆ ಗ್ಲೆನಿಸ್ ಆಂಟಿ ಬಂಕಿನಿಂದಲೇ ಕೂಗಿದಳು. "ಒಂದೇ ಹೆಡ್‌ಲೈಟನ್ನ ಮತ್ತೆ ಮತ್ತೆ ತೋರ್ಸೋಕೆ ಬರೋನು ಹೆಡ್‌ಲೈಟ್ ತೋರ್ಸೋಕೆ ಬರಲ್ಲ ಕಣೇ ಹುಡುಗಿ!"

"ಆಂಟಿ, ಸುಮ್ನಿರಿ. ಬೀದಿಗೆಲ್ಲ ಕೇಳ್ಸುತ್ತೆ."

"ಬೀದಿಗೆ ಆಗ್ಲೇ ಗೊತ್ತು. ನಿನಗೇ ಕಡೇಲಿ ತಿಳಿದಿದ್ದು."

ನನಗೆ ಅದು ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಉಗುರಿನ ಸಂದಿಯ ಗ್ರೀಸನ್ನು ಬ್ರಷ್ ಹಾಕಿ ಉಜ್ಜಿದೆ. ದೀಪದ ನೆಪದಲ್ಲಿ ಅವನು ನನಗಾಗಿ ಬರುತ್ತಿದ್ದಾನೆ, ಸಂಜೆ ಬೆರಳೆತ್ತದಿರುವುದು ನಾಚಿಕೆ, ಅಷ್ಟೆ. ಎರಡೂ ಚೆನ್ನಾಗಿ ಹೊಂದಿಕೊಂಡವು. ವೈರಿಂಗ್ ಇಷ್ಟು ಸಲೀಸಾಗಿ ಕೂತರೆ ನಾನು ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ. ಇದನ್ನು ಪರೀಕ್ಷಿಸಲಿಲ್ಲ.

ಮುಂದಿನ ಸಲ ಅವನು ಬಂದಾಗ ನಾನೇ ಹೇಳಿದೆ: "ಹಗಲಲ್ಲಿ ನೋಡಿ ಪ್ರಯೋಜನ ಇಲ್ಲ. ನಾಳೆ ರಜಾ ಅಲ್ವಾ, ಸೂರ್ಯ ಇಳಿಯೋ ಹೊತ್ತಿಗೆ ಬಾ. ಇಬ್ಬರೂ ನಿಂತು ನೋಡೋಣ."

ಕ್ಲೀನಾದ ಅಂಗಿ ಹಾಕಿಕೊಂಡೆ. ಸಂಜೆ ಕಾರನ್ನು ಶೆಡ್ಡಿನ ಹಿಂದಿನ ಅಂಗಳದಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಆಂಗಸ್ ಬಾನೆಟ್ ಪಕ್ಕದಲ್ಲಿ ನಿಂತ. ದೀಪ ಹಾಕಿ, ಕಾರಿನ ಬೀಗದ ಕೈಯನ್ನೂ ಎರಡು ಲೋಟ ಟೀಯನ್ನೂ ಹಿಡಿದು ನಾನು ಅವನ ಎಡಗಡೆಗೆ ಬಂದೆ. ಬೆಳಕಿನ ಅಂಚಿನಿಂದ ಒಂದೇ ಹೆಜ್ಜೆ ಆಚೆ. ಆಕಾಶದಲ್ಲಿ ಇನ್ನೂ ಬೂದು ಬೆಳಕಿತ್ತು. ಅಂಗಳದ ಮೂಲೆಯ ಮರದ ಎಲೆ ಕೂಡ ನನಗೆ ಕಾಣುತ್ತಿತ್ತು.

"ತಗೋ," ಎಂದು ಲೋಟ ಚಾಚಿದೆ.

ಅವನು ನಗುತ್ತಾ ಕೈ ಚಾಚಿದ. ಕೈ ಲೋಟದ ಪಕ್ಕದಲ್ಲಿ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದ. ಈ ಸಲ ನನ್ನ ಭುಜ ಸಿಕ್ಕಿತು.

"ಆಟ ಆಡಿಸ್ಬೇಡ," ಅಂದ.

ನಾನು ಆಟ ಆಡಿಸುತ್ತಿರಲಿಲ್ಲ. ಲೋಟಗಳನ್ನು ಸದ್ದಿಲ್ಲದೆ ನೆಲಕ್ಕಿಟ್ಟೆ. ಅವನ ಮುಖದ ಪಕ್ಕಕ್ಕೆ, ಒಂದು ಮೊಳ ದೂರದಲ್ಲಿ, ನನ್ನ ತೋರುಬೆರಳನ್ನು ಎತ್ತಿ ಹಿಡಿದೆ. ರಸ್ತೆಯಲ್ಲಿ ಎತ್ತುವ ಹಾಗೆ. ಅವನು ಗೋಡೆಯ ಕಡೆ ನೋಡುತ್ತಲೇ ಇದ್ದ. ಬೆರಳು ಅಲ್ಲಾಡಿಸಿದೆ. ಅವನು, "ಎಲ್ಲಿ ಹೋದೆ, ಟ್ಯಾಮ್ಸಿನ್?" ಅಂದ.

ಪ್ಲೈಯರ್ ಹುಡುಕಿದ್ದು, ಇಡೀ ಮುಖ ತಿರುಗಿಸಿ ನೋಡುವುದು, ಎಡಗಡೆಯ ಕತ್ತಲೆ, ಎಲ್ಲ ಒಟ್ಟಿಗೆ ತಲೆಗೆ ಬಂತು. ನಾನು ಅವನನ್ನು ಕುರುಡಾ ಎಂದು ಕರೆದಿದ್ದೆ.

"ಯಾವಾಗಿಂದ?" ಅಂದೆ.

"ಏನು ಯಾವಾಗಿಂದ?"

"ಆಂಗಸ್, ನಾನು ನಿನ್ನ ಪಕ್ಕದಲ್ಲೇ ಇದೀನಿ."

ಅವನು ಮುಖ ತಿರುಗಿಸಿದ, ನನ್ನನ್ನು ಹುಡುಕಿ ನೋಟದಲ್ಲಿ ಹಿಡಿದುಕೊಂಡ. ನಗು ಹೋಗಿತ್ತು.

"ಹೋದ ವರ್ಷ ಚಳಿಗಾಲದಿಂದ," ಅಂದ. "ಲಾನ್ಸೆಸ್ಟನ್ ಡಾಕ್ಟ್ರು ಹೇಳಿದಾರೆ. ಮೊದ್ಲು ರಾತ್ರಿ ಹೋಗುತ್ತಂತೆ, ಆಮೇಲೆ ಪಕ್ಕ ಹೋಗುತ್ತಂತೆ. ನಡುವಿಂದು ಮಾತ್ರ ಉಳಿಯುತ್ತೆ, ಕೊಳವೆಯೊಳಗಿಂದ ನೋಡಿದ ಹಾಗೆ. ಅದೂ ಎಷ್ಟು ದಿನವೋ. ಓಡಿಸ್ಬೇಡ ಅಂದ್ರು."

"ಮತ್ತೆ ಸಂಜೆ ಹೊತ್ತು ಹೇಗೆ ಬರ್ತಿದ್ದೆ?"

"ಡಬ್ಬಗಳ ಲೆಕ್ಕದ ಮೇಲೆ. ಬಿಳಿ ಡಬ್ಬ ದಾಟಿದ್ರೆ ತಿರುವು, ಹಾಲಿನ ಕ್ಯಾನ್ ಡಬ್ಬ ದಾಟಿದ್ರೆ ಇಳಿಜಾರು. ದೀಪ ಜೋರಾದ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ."

"ದೀಪ ಜೋರಾದಷ್ಟೂ ಅಂಚಿನಾಚೆಯ ಕತ್ತಲೆ ಗಟ್ಟಿಯಾಗುತ್ತೆ ಕಣೋ! ನೀನು ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ಹಾಕ್ಕೊಡ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಗ್ಲೆನಿಸ್ ಆಂಟಿ ಸಂಜೆ ನಾಯಿ ಹಿಡಿದುಕೊಂಡು ಅದೇ ರಸ್ತೆಯ ಎಡ ಅಂಚಿನಲ್ಲಿ ನಡೆಯುತ್ತಾಳೆ. ಅದನ್ನು ಅವನಿಗೆ ಹೇಳಿದೆ. ಗೊತ್ತು ಅಂದ. ಆ ಜಾಗಕ್ಕೆ ಬಂದಾಗ ಉಸಿರು ಬಿಗಿ ಹಿಡಿಯುತ್ತಾನಂತೆ. ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಕೊಡು," ಅಂದ.

"ಕೊಡಲ್ಲ."

"ಟ್ಯಾಮ್ಸಿನ್, ಇಲ್ಲಿ ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ. ಕಾರಿಲ್ದೆ ನನಗೆ ಕೆಲಸ ಇಲ್ಲ. ಕೆಲಸ ಇಲ್ದೆ ಈ ದ್ವೀಪದಲ್ಲಿ ನಾನೇನು ಮಾಡ್ಲಿ? ಹೋಬಾರ್ಟಿಗೆ ಹೋಗಿ ಅಕ್ಕನ ಮನೆ ಸೋಫಾ ಮೇಲೆ ಕೂತ್ಕೋಬೇಕು. ನೀನು ವೈರಿಂಗ್ ಮಾಡೋಳು, ಡಾಕ್ಟ್ರಲ್ಲ. ಕೊಡು."

ಬಾಯಲ್ಲಿ ಬಿಸಿತುಪ್ಪ. ಕೊಟ್ಟರೆ ಅವನು ಇಲ್ಲೇ ಇರುತ್ತಾನೆ, ಯಾರನ್ನಾದರೂ ಕೊಲ್ಲುವವರೆಗೆ. ಕೊಡದಿದ್ದರೆ ಹೋಗುತ್ತಾನೆ. ಅವನು ಹೋಗಬಾರದು ಎಂದು ನನಗೆ ಎಷ್ಟು ಅನಿಸಿತೆಂದರೆ, ಕೈ ಜೇಬಿನ ತನಕ ಹೋಯಿತು. ಅಲ್ಲಿಯೇ ನಿಂತಿತು.

ಅವನನ್ನು ನನ್ನ ಪಿಕಪ್‌ನಲ್ಲಿ ಮನೆಗೆ ಬಿಟ್ಟೆ. ಇಳಿಯುವಾಗ ನನಗೆ ಒಂದು ಮಾತು ಮಾತ್ರ ಕೇಳದಿರಲು ಆಗಲಿಲ್ಲ.

"ಸಂಜೆ ನನಗೆ ಬೆರಳೆತ್ತುತ್ತಿರಲಿಲ್ಲವಲ್ಲ. ನಾನು ಕಾಣ್ತಿರ್ಲಿಲ್ವಾ?"

"ಪಿಕಪ್ ಕಾಣ್ತಿತ್ತು. ಅದರ ದೀಪ ನಡುವಿಗೇ ಬರುತ್ತಲ್ಲ," ಅಂದ. "ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡ್ದಿರ್ತಿದ್ದೆ. ಒಂದು ಬೆರಳು ಬಿಡೋಷ್ಟು ಧೈರ್ಯ ಇರ್ಲಿಲ್ಲ."

ಮನೆಗೆ ಬಂದು ಅತ್ತೆ. ನನಗೆ ಅಳು ಬರುವುದು ಅಪರೂಪ, ಬಂದಾಗ ಮೂಗು ಕೆಂಪಾಗಿ ಅಸಹ್ಯವಾಗಿ ಕಾಣುತ್ತೇನೆ. ಅವನ ಕಣ್ಣಿಗಾಗಿ ಅತ್ತೆ. ನನಗಾಗಿಯೂ ಅತ್ತೆ. ಅವನು ಬಂದದ್ದು ದೀಪಕ್ಕೇ, ದೀಪ ಹಾಕುವವಳಿಗಲ್ಲ. ಊರೆಲ್ಲ ನಕ್ಕದ್ದೇ ಬಂತು.

ಟಪಾಲನ್ನು ಒಂದೆರಡು ದಿನ ಪೋಸ್ಟಾಫೀಸಿನವರೇ ಹೇಗೋ ಹಂಚಿದರು. ಸ್ವಿಫ್ಟ್ ನನ್ನ ಶೆಡ್ಡಿನಲ್ಲಿ ನಿಂತಿತ್ತು. ನಾನು ಯಾರಿಗೂ ಏನೂ ಹೇಳಲಿಲ್ಲ.

"ಆಂಗಸ್ ಕೆಲಸ ಬಿಡ್ತಾನಂತೆ," ಅಂದಳು ಗ್ಲೆನಿಸ್ ಆಂಟಿ. ಈ ಸಲ ಕೂಗಲಿಲ್ಲ, ಶೆಡ್ಡಿನೊಳಗೆ ಬಂದು ಹೇಳಿದಳು. "ಈ ವಾರ ಕಳೆದ್ರೆ ಹೋಬಾರ್ಟಿಗಂತೆ. ಏನಾಯ್ತೇ? ಜಗಳ ಆಡಿದ್ರಾ?"

"ಇಲ್ಲ ಆಂಟಿ."

"ಹಾಗಾದ್ರೆ ಆಡು. ಜಗಳ ಆಡೋಕಾದ್ರೂ ಅವನು ಇಲ್ಲಿರ್ಬೇಕಲ್ಲ."

ಅವಳು ಹೋದ ಮೇಲೆ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ. ಸ್ಟೀರಿಂಗಿನ ಮೇಲೆ ಅವನ ಬಿಗಿ ಹಿಡಿತದ ಗುರುತು ಹೊಳೆಯುತ್ತಿತ್ತು. ಪಕ್ಕದ ಸೀಟಿನ ಮೇಲೆ ಮೊಣಕೈಯ ಕುಳಿ. ಆ ಕುಳಿಯನ್ನೇ ನೋಡಿದೆ. ಆಮೇಲೆ ಅದರಾಚೆಯ ಕಿಟಕಿ ನೋಡಿದೆ. ಎಡಗಡೆಯ ಕಿಟಕಿ. ಕೈ ಚಾಚಿದರೆ ಡಬ್ಬ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ, ನನ್ನಂಥವರಿಗೆ ಕನ್ನಡಿಯೂ ಸಾಲದು. ಸ್ವಿಫ್ಟನ್ನು ಹೊರಗೆ ತಂದು ಶೆಡ್ಡಿಗೆ ಬೀಗ ಹಾಕಿದೆ.

ಪೋಸ್ಟಾಫೀಸಿನ ಹಿಂಬಾಗಿಲಲ್ಲಿ ಆಂಗಸ್ ಚೀಲಗಳನ್ನು ವಿಂಗಡಿಸುತ್ತಿದ್ದ. ಸ್ವಿಫ್ಟಿನ ಸದ್ದು ಕೇಳಿ ತಲೆ ಎತ್ತಿದ.

"ಹತ್ತು," ಅಂದೆ.

"ಬೀಗದ ಕೈ ಕೊಡೋಕೆ ಬಂದ್ಯಾ?"

"ಇಲ್ಲ. ಎಡಗಡೆ ಹತ್ತು. ಚೀಲ ತೊಡೆ ಮೇಲಿಟ್ಕೋ. ನಾನು ಓಡಿಸ್ತೀನಿ, ನೀನು ಡಬ್ಬಕ್ಕೆ ಹಾಕು. ಹಲ್ಲಿ ಥರ ಮಲಗೋದು ತಪ್ಪುತ್ತೆ."

ಅವನು ಅಲುಗಲಿಲ್ಲ. ಕಿವಿ ಕೆಂಪಾದದ್ದು ಕಂಡಿತು.

"ನನಗೆ ದಯೆ ಬೇಡ ಟ್ಯಾಮ್ಸಿನ್."

"ದಯೆ ಮಾಡೋ ಮುಖನಾ ಇದು? ಸರಿಯಾಗಿ ನೋಡು, ನಡುವಿಗೇ ಬಂದು ನಿಂತಿದೀನಿ."

"ನಿನ್ನ ಕೆಲಸ?"

"ಬೆಳಗ್ಗೆ ಹೊತ್ತು ಮಾಡ್ತೀನಿ. ಮಧ್ಯಾಹ್ನದ ಮೇಲೆ ನನ್ನ ಶೆಡ್ಡಿನ ಮುಂದೆ ನಿಧಾನ ಮಾಡ್ತಿದ್ದ ಗಿರಾಕಿ ನೀನೊಬ್ನೇ."

ಅವನಿಗೆ ನಗು ಬಂತು, ಆದರೂ ಹತ್ತಲಿಲ್ಲ. ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತ. ನಾನು ಇಂಜಿನ್ ಆಫ್ ಮಾಡಿದೆ. ಕೇಳಲೇಬೇಕಿತ್ತು.

"ನಿಜ ಹೇಳು. ನೀನು ಬರ್ತಿದ್ದಿದ್ದು ದೀಪಕ್ಕೇನಾ?"

"ಮೊದಲ್ನೇ ಸಲ ದೀಪಕ್ಕೆ," ಅಂದ. "ಎರಡ್ನೇ ಸಲಾನೂ ದೀಪಕ್ಕೆ. ಆಮೇಲೆ ಎಷ್ಟು ದೀಪ ಹಾಕಿದ್ರೂ ಅಷ್ಟೇ ಅಂತ ನನಗೇ ಗೊತ್ತಾಗಿತ್ತು."

"ಆಮೇಲೂ ಬಂದ್ಯಲ್ಲ."

"ನಿನ್ನ ಶೆಡ್ಡಲ್ಲಿ ಟ್ಯೂಬ್‌ಲೈಟ್ ಜಾಸ್ತಿ. ಅಲ್ಲಿ ನೀನು ಚೆನ್ನಾಗಿ ಕಾಣ್ತಿದ್ದೆ." ಬೆರಳಿಗೆ ಸುತ್ತಿದ್ದ ದಾರ ಬಿಚ್ಚಿದ. "ಕಾಣೋವಾಗ್ಲೇ ನೋಡ್ಕೊಂಡ್ಬಿಡೋಣ ಅಂತ ಬರ್ತಿದ್ದೆ."

ಕಾರಿನೊಳಗಿಂದ ಬಗ್ಗಿ ಎಡಗಡೆ ಬಾಗಿಲನ್ನು ತಳ್ಳಿ ತೆರೆದೆ, ಬಗ್ಗುವಾಗ ಮೊಣಕೈ ಅವನ ಕುಳಿಯಲ್ಲೇ ಊರಿತು. "ಹೋಬಾರ್ಟ್ ಸೋಫಾ ಎಲ್ಲೂ ಹೋಗಲ್ಲ," ಅಂದೆ. "ನೀನು ಹೋದ್ರೆ ನನಗೆ ಆಗಲ್ಲ ಕಣೋ. ಹತ್ತು."

ಅವನು ಹತ್ತಿದ.

ಕಿಲ್ಲಿಕ್ರ್ಯಾಂಕಿಯ ಕೊನೆಯ ಡಬ್ಬಕ್ಕೆ ಕಾಗದ ಹಾಕಿ ತಿರುಗಿದಾಗ ಸೂರ್ಯ ಇಳಿದಿದ್ದ. ದೀಪ ಹಾಕಿದೆ. ನೀಲಿ, ಆಮೇಲೆ ಬಿಳಿ. ನನ್ನ ದೀಪದ ಹಿಂದೆ ನಾನು ಕೂತದ್ದು ಅದೇ ಮೊದಲು. ರಸ್ತೆಯ ಎಡ ಅಂಚು ದೂರದವರೆಗೆ ಕಂಡಿತು, ಹುಲ್ಲಿನ ಎಸಳೆಸಳೂ ಕಂಡಿತು. ಒಳ್ಳೆಯ ಕೆಲಸ.

"ಹೇಗಿದೆ ದೀಪ?" ಅಂದ.

"ಬೆಳ್ಳಗಿದೆ. ಎಡಗಡೆ ವಾಲಬಿ ಎರಡು. ಒಂದಕ್ಕೆ ಯೋಚನೆ ಬಂದಿದೆ, ನಿಲ್ಲಿಸ್ತಿದೀನಿ."

ವಾಲಬಿ ಯೋಚನೆ ಮುಗಿಸಿ ದಾಟಿತು. ಅವನ ಕೈಗಳು ಖಾಲಿ ಚೀಲದ ಮೇಲೆ ಸಡಿಲವಾಗಿದ್ದವು. ಎದುರಿಗೆ ಒಂದು ಕಾರು ಬಂತು. ಆಂಗಸ್ ತೋರುಬೆರಳು ಎತ್ತಿದ. ಇನ್ನೊಂದು ಬಂತು, ಎತ್ತಿದ. ಆಮೇಲೆ ಸುಮ್ಮನೆ ಎತ್ತಿದ.

"ಅದು ಕಾರಲ್ಲ. ಬೇಲಿ ಹತ್ರ ಕರೀ ದನ, ಅದರ ಕಣ್ಣು ಹೊಳೆದಿದ್ದು."

"ಯಾವ ತಳಿ?"

"ಆಂಗಸ್."

"ನಮ್ಮೋನೇ ಅಲ್ವಾ. ಎತ್ತಿದ್ದು ತಪ್ಪಿಲ್ಲ."

ಎಮಿಟಾ ತಿರುವಿಗೆ ಸ್ವಲ್ಪ ಮುಂಚೆ ಗ್ಲೆನಿಸ್ ಆಂಟಿ ನಾಯಿ ಹಿಡಿದುಕೊಂಡು ಎಡ ಅಂಚಿನಲ್ಲಿ ಬರುತ್ತಿದ್ದಳು. ದೂರದಿಂದಲೇ ಕಂಡಳು, ತಲೆಯ ಉಣ್ಣೆ ಟೋಪಿಯಿಂದ ಕಾಲಿನ ಗಂಬೂಟಿನವರೆಗೆ. ಡ್ರೈವರ್ ಸೀಟಿನಲ್ಲಿ ನನ್ನನ್ನೂ ಪಕ್ಕದಲ್ಲಿ ಅವನನ್ನೂ ನೋಡಿ ಬಾಯಿ ತೆರೆದುಕೊಂಡು ನಿಂತಳು. ನಾಳೆ ಬೆಳಗ್ಗೆ ಟ್ಯಾಂಕ್ ತುಂಬುವಷ್ಟರಲ್ಲಿ ದ್ವೀಪಕ್ಕೆಲ್ಲ ಗೊತ್ತಾಗುತ್ತದೆ.

ತಿರುವು ಬಂತು. ಎದುರಿಗೆ ಯಾವ ಕಾರೂ ಇರಲಿಲ್ಲ, ದನವೂ ಇರಲಿಲ್ಲ. ಆಂಗಸ್ ಇಡೀ ಮುಖವನ್ನು ನನ್ನ ಕಡೆ ತಿರುಗಿಸಿ, ಡ್ಯಾಶ್‌ಬೋರ್ಡಿನ ಮಂದ ಬೆಳಕಿನಲ್ಲಿ ನನ್ನನ್ನು ಹುಡುಕಿಕೊಂಡು, ಒಂದು ಬೆರಳು ಎತ್ತಿದ.

"ಯಾರೂ ಬರ್ಲಿಲ್ವಲ್ಲ," ಅಂದೆ. "ಇದು ಯಾರಿಗೆ?"

"ನಿನಗೆ," ಅಂದ. "ಜೂನ್ ತಿಂಗಳದ್ದು."

ನನ್ನ ಕಣ್ಣು ಮಂಜಾಯಿತು. ರಸ್ತೆ ಕಾಣಬೇಕಲ್ಲ ಎಂದು ಬೇಗ ಒರೆಸಿಕೊಂಡೆ. ಆಮೇಲೆ ಸ್ಟೀರಿಂಗ್ ಮೇಲಿಂದ ನಾನೂ ಬೆರಳೆತ್ತಿದೆ.